ಕವಿಯ ಹತ್ತಿರ ಕವಿತೆಯ ಬಗ್ಗೆ ಕೇಳಿ

ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನೆ ಟಿಬೆಟಿನ ಕವಿಯೊಬ್ಬರು ಬರವಣಿಗೆಯ ಬಗ್ಗೆ ಮಾತಾಡುತ್ತಾರೆ ಅಂತ ಕೇಳಲು ಹೋಗಿದ್ದೆ. ಒಂದು ಸಾಲನ್ನು ಹೇಗೆ ಕಟ್ಟುತ್ತೇನೆ, ಯಾವುದನ್ನು ಹೊಡೆದು ಹಾಕುತ್ತೇನೆ, ಗಟ್ಟಿಯಾಗಿ ಓದಿದಾಗ ಎಲ್ಲಿ ತಡವರಿಸುತ್ತೇನೆ ಅಂತೆಲ್ಲ ಎಷ್ಟು ಚೆನ್ನಾಗಿ ಹೇಳಿದರು! ಆಮೇಲೆ ಪ್ರಶ್ನೆಗಳು ಶುರುವಾದವು. ಚೀನಾ ಮೇಲೆ ಸಿಟ್ಟಿಲ್ವಾ? ದಲೈ ಲಾಮಾ ನಂತರ ಯಾರು? ವಾಪಸ್ ಹೋಗ್ತೀರಾ? ಒಬ್ಬರಾದರೂ ಕವಿತೆಯ ಬಗ್ಗೆ ಕೇಳಬೇಡವಾ? ನಾನು ಕೈ ಎತ್ತಿಕೊಂಡೇ ಕೂತಿದ್ದೆ, ಮೈಕ್ ಬರಲೇ ಇಲ್ಲ.

ಭಾರತದಲ್ಲೇ ಇರುವ ಇನ್ನೊಬ್ಬ ಟಿಬೆಟಿನ ಕವಿ, ಹೋರಾಟಗಾರ ತೆನ್ಜಿನ್ ತ್ಸುಂಡು ವಿಷಯದಲ್ಲೂ ಇದೇ ಕಥೆ. ಬೆಂಗಳೂರಿನವರಿಗೆ ಅವರ ನೆನಪಿದ್ದರೆ, ಅದು 2005ರಲ್ಲಿ ಚೀನಾದ ಪ್ರಧಾನಿ ಬಂದಾಗ ಭಾರತೀಯ ವಿಜ್ಞಾನ ಸಂಸ್ಥೆಯ ಗೋಪುರ ಹತ್ತಿ ಘೋಷಣೆ ಕೂಗಿದ್ದಕ್ಕೆ. ಹಣೆಯ ಕೆಂಪು ಪಟ್ಟಿ ಎಲ್ಲರಿಗೂ ಗೊತ್ತು. ಮುಂಬೈಯಲ್ಲಿ ಎಂ.ಎ. ಓದುವಾಗ ಸಹಪಾಠಿಗಳ ಹತ್ತಿರ ಕೇಳಿ ಬೇಡಿ, ಸಾಲ ಮಾಡಿ ಮೊದಲ ಕವನ ಸಂಕಲನ ಅಚ್ಚು ಹಾಕಿಸಿದ್ದು ಎಷ್ಟು ಜನಕ್ಕೆ ಗೊತ್ತು?

ಹಿಮಾಚಲದ ಧರ್ಮಶಾಲಾ ಊರಿನ ಮಳೆಯ ಮೇಲೆ ಅವರದೊಂದು ಕವಿತೆ ಇದೆ. ಮಳೆಹನಿಗಳು ಬಾಕ್ಸಿಂಗ್ ಗ್ಲೌಸ್ ತೊಟ್ಟು ಬಂದು ಕೋಣೆಯನ್ನು ಗುದ್ದುತ್ತವೆ. ತಗಡಿನ ಮಾಡಿನ ಕೆಳಗೆ ಕೋಣೆ ಒಳಗೊಳಗೇ ಅಳುತ್ತದೆ. ಹಾಸಿಗೆ, ಕಾಗದ ಎಲ್ಲ ಒದ್ದೆ. ನೀರು ಏರಿದಾಗ ಜೈಲಿನ ದಿನಗಳ ಬರಹ, ಕಾಲೇಜು ಗೆಳೆಯರ ಪತ್ರ, ಬ್ರೆಡ್ಡಿನ ಚೂರು, ಮ್ಯಾಗಿ ನೂಡಲ್ಸ್ ಎಲ್ಲ ಒಟ್ಟಿಗೆ ತೇಲುತ್ತವೆ. ಆ ಜೈಲು ಕಲ್ಪನೆಯದ್ದಲ್ಲ. ಡಿಗ್ರಿ ಮುಗಿಸಿ ಒಬ್ಬರೇ ಗಡಿ ದಾಟಿ ಟಿಬೆಟಿಗೆ ಹೋದವರು, ಸಿಕ್ಕಿಬಿದ್ದು ಮೂರು ತಿಂಗಳು ಒಳಗಿದ್ದರು. ಅದನ್ನು ಮ್ಯಾಗಿ ಪಕ್ಕದಲ್ಲಿ ತೇಲಿಬಿಟ್ಟಿದ್ದಾರೆ! ನಾನು ಅಳುವ ಹಾಗಿಲ್ಲ, ಕೋಣೆ ಆಗಲೇ ಸಾಕಷ್ಟು ಒದ್ದೆಯಾಗಿದೆ ಅನ್ನುತ್ತಾರೆ. ಅಲ್ಲಿಗೆ ಬಂದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಇಷ್ಟು ಸಾಕು, ಇಲ್ಲಿಗೆ ನಿಲ್ಲಿಸಬೇಕು ಅಂತ ಬರೆಯುವವರಿಗೆ ಹೇಗೆ ಗೊತ್ತಾಗುತ್ತದೆ? ನಿನ್ನೆ ನಾನು ಕೇಳಬೇಕಿದ್ದದ್ದು ಇದನ್ನೇ.

ದೇಶವನ್ನೇ ಕಳೆದುಕೊಂಡವರ ಹತ್ತಿರ ರಾಜಕೀಯ ಬಿಟ್ಟು ಇನ್ನೇನು ಕೇಳೋದು ಅಂತ ಗೆಳೆಯರೊಬ್ಬರು ವಾದಿಸಿದರು. ನಾನು ಒಪ್ಪುವುದಿಲ್ಲ. ರಾಜಕೀಯ ಬೇಡ ಅಂತ ಯಾರು ಹೇಳಿದರು? ಅದು ಆ ಒದ್ದೆ ಕಾಗದದಲ್ಲೇ ಇದೆ, ಓದಿದರೆ ಕಾಣುತ್ತದೆ. ಕನ್ನಡದ ಕವಿ ಬಂದರೆ ಲಯ, ಪ್ರತಿಮೆ, ಯಾರ ಪ್ರಭಾವ ಅಂತೆಲ್ಲ ಕೆದಕಿ ಕೇಳುತ್ತೇವೆ. ಇವರಿಗೆ ಮಾತ್ರ ಆ ಮರ್ಯಾದೆ ಯಾಕಿಲ್ಲ?

ನನಗೆ ಇದು ಇಷ್ಟು ಚುಚ್ಚಲು ಕಾರಣ ಇದೆ. ಟಿಬೆಟಿನ ನಿರಾಶ್ರಿತರ ಕ್ಯಾಂಪ್ ಇರುವ ಬೈಲುಕುಪ್ಪೆ ಪಕ್ಕದಲ್ಲೇ ಬೆಳೆದವಳು ನಾನು. 1960ರಲ್ಲಿ ಮೈಸೂರು ಸರ್ಕಾರ ಜಾಗ ಕೊಟ್ಟ ಮೇಲೆ ಬಂದು ಕಾಡು ಕಡಿದು ಜೋಳ ಬೆಳೆದವರು ನಮ್ಮ ನೆರೆಯವರು. ನಾವು ಅವರ ಹತ್ತಿರ ಸ್ವೆಟರ್ ಕೊಂಡೆವು, ಮೊಮೊ ತಿಂದೆವು, ಅಲ್ಲಿನ ಗೋಲ್ಡನ್ ಟೆಂಪಲ್ ಮುಂದೆ ಫೋಟೊ ತೆಗೆಸಿಕೊಂಡೆವು. ನೀವು ಏನು ಬರೀತೀರಿ ಅಂತ ಕೇಳಿದವರು ಎಷ್ಟು ಜನ?

ಕುಶಾಲನಗರ, ಪಿರಿಯಾಪಟ್ಟಣ, ಮುಂಡಗೋಡಿನ ಮೇಷ್ಟ್ರುಗಳೇ, ಟಿಬೆಟಿನ ಬಂಡಾಯದ ನೆನಪಿನ ದಿನವಾದ ಮಾರ್ಚ್ 10ಕ್ಕೆ ಮಾತ್ರ ಇವರನ್ನು ನೆನೆಯಬೇಡಿ. ಕಾವ್ಯ ಕಮ್ಮಟ ಮಾಡುವಾಗ ಕ್ಯಾಂಪಿನ ಹುಡುಗ ಹುಡುಗಿಯರನ್ನೂ ಕರೆದು ಕೂರಿಸಿ. ಕವಿಗಳು ಬರುವ ಮೊದಲೇ ಅವರ ಒಂದೆರಡು ಕವಿತೆ ಝೆರಾಕ್ಸ್ ಮಾಡಿಸಿ ಹಂಚಿ. ಓದಿಕೊಂಡು ಬಂದವರ ಕೈಗೆ ಮೊದಲು ಮೈಕ್ ಕೊಡಿ.