ಉಕ್ಕಿನ ಹೆಲ್ಮೆಟ್ ಗುಂಡು ತಡೆಯಲೆಂದು ಬಂದದ್ದಲ್ಲ

“ಮೊದಲ ಮಹಾಯುದ್ಧದ ಕಂದಕಗಳಲ್ಲಿ ರೈಫಲ್ ಗುಂಡಿನಿಂದ ತಲೆ ಉಳಿಸಲು ಉಕ್ಕಿನ ಹೆಲ್ಮೆಟ್ ಕೊಟ್ಟರು” ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಸತ್ಯಾಂಶ: ಕಂದಕದಲ್ಲಿ ಕೂತವನಿಗೆ ದೊಡ್ಡ ಅಪಾಯ ಬರುತ್ತಿದ್ದುದು ಮೇಲಿನಿಂದ. ಬ್ರಿಟಿಷರ 18 ಪೌಂಡರ್ ಫಿರಂಗಿಯ ಶ್ರಾಪ್ನೆಲ್ ಶೆಲ್ ಒಂದರಲ್ಲೇ ಸುಮಾರು 375 ಸೀಸದ ಗೋಲಿಗಳು, ಒಂದೊಂದು 11 ಗ್ರಾಂ. ಶೆಲ್ ಗಾಳಿಯಲ್ಲೇ ಸಿಡಿದು ಅವು ಕೆಳಗೆ ಮಳೆಯಂತೆ ಸುರಿಯುತ್ತಿದ್ದವು. ಜರ್ಮನ್ನರ ಬಳಿಯೂ ಇಂಥವೇ ಇದ್ದವು. ಬಟ್ಟೆಯ ಟೋಪಿ ಇವುಗಳ ಮುಂದೆ ಇದ್ದೂ ಇಲ್ಲದಂತೆ.

ಅದಕ್ಕೇ 1915ರಲ್ಲಿ ಬ್ರಿಟಿಷ್ ಸೈನಿಕರಿಗೆ ಜಾನ್ ಬ್ರೋಡಿ ವಿನ್ಯಾಸಗೊಳಿಸಿದ ಹೆಲ್ಮೆಟ್ ಬಂತು. ಆಳವಿಲ್ಲದ ಬಟ್ಟಲನ್ನು ಬೋರಲು ಹಾಕಿದಂಥ ಆಕಾರ, ಸುತ್ತ ಅಗಲದ ಅಂಚು, ಒಂದೇ ತಗಡಿನಿಂದ ಒತ್ತಿ ತೆಗೆದ ಮ್ಯಾಂಗನೀಸ್ ಉಕ್ಕು, ತೂಕ ಒಂದು ಕಿಲೋ ಆಸುಪಾಸು. ಸೆಕೆಂಡಿಗೆ ಸುಮಾರು 230 ಮೀಟರ್ ವೇಗದ ಗೋಲಿಯನ್ನು ಅದು ತಡೆಯಬಲ್ಲದಾಗಿತ್ತು. ಹತ್ತಿರದಿಂದ ನೇರ ಬಡಿದ ರೈಫಲ್ ಗುಂಡಿನ ವೇಗವೋ 700 ಮೀಟರಿಗೂ ಹೆಚ್ಚು, ಉಕ್ಕು ತೂತಾಗುತ್ತಿತ್ತು. ಅದನ್ನೂ ತಡೆಯುವಷ್ಟು ದಪ್ಪ ಮಾಡಿದರೆ ಕುತ್ತಿಗೆ ತಡೆಯದು. ಜರ್ಮನ್ನರು ಹೆಲ್ಮೆಟ್‌ಗೆ ಸಿಕ್ಕಿಸುವ ಹಣೆಫಲಕ ತಯಾರಿಸಿದ್ದರು. ಭಾರದಿಂದಾಗಿ ಅದು ಒಂದೇ ಕಡೆ ನಿಂತ ಕಾವಲುಗಾರರಂಥವರಿಗಷ್ಟೇ ಆಗಿಬಂತು.

ಬ್ರೋಡಿಯಲ್ಲೂ ಕುಂದುಗಳಿದ್ದವು. ಮೊದಲ ತಂಡದವುಗಳ ಅಂಚು ಹರಿತವಾಗಿತ್ತು, ಆಮೇಲೆ ಅದಕ್ಕೆ ಪಟ್ಟಿ ಸುತ್ತಿದರು. ಮೈ ಹೊಳೆದು ಶತ್ರುವಿಗೆ ಕಾಣಬಾರದೆಂದು ಬಣ್ಣದ ಜೊತೆ ಮರಳು ಅಥವಾ ಮರದ ಹೊಟ್ಟು ಹಾಕಿ ಒರಟು ಮಾಡಿದರು. ಕಿವಿ ಮತ್ತು ಕತ್ತಿನ ಹಿಂಭಾಗ ಮಾತ್ರ ಕೊನೆವರೆಗೂ ಬಯಲಾಗಿಯೇ ಉಳಿದವು.