ಉದ್ರಿ ಪುಸ್ತಕ ಮತ್ತು ಶೀಲದ ಅಭ್ಯಾಸ

ದುಬೈಯಲ್ಲಿ ನೆಲೆಸಿರುವ ನಮ್ಮ ಹೊನ್ನಾವರ, ಭಟ್ಕಳ ಕಡೆಯವರು ಸೇರಿದಾಗ ಇಲ್ಲಿನ ವ್ಯಾಪಾರ ಪ್ರಾಮಾಣಿಕ, ಊರಿನದು ಹಾಗಲ್ಲ ಎಂಬ ಮಾತು ಬಂದೇ ಬರುತ್ತದೆ. ನಾನು ಅದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ತಪಾಸಣೆಯೂ ದಂಡವೂ ಬಿಗಿಯಾಗಿರುವಲ್ಲಿ ತಕ್ಕಡಿ ನೇರವಾಗಿರುತ್ತದೆ. ಅಪರಿಚಿತರೇ ತುಂಬಿದ ನಗರಕ್ಕೆ ಅದು ಬೇಕೂ ಹೌದು. ಆದರೆ ಅದರ ಕೀರ್ತಿ ತಪಾಸಣೆಗೆ ಸಲ್ಲಬೇಕೇ ಹೊರತು ವ್ಯಾಪಾರಿಯ ಶೀಲಕ್ಕಲ್ಲ.

ಇಸ್ಲಾಮಿನ ನೀತಿಚಿಂತನೆಯಲ್ಲಿ ಈ ವ್ಯತ್ಯಾಸಕ್ಕೆ ದೊಡ್ಡ ಸ್ಥಾನವಿದೆ. 1111ರಲ್ಲಿ ತೀರಿಕೊಂಡ ಇಮಾಮ್ ಘಜಾಲಿಯವರ ಪ್ರಕಾರ, ಮನಸ್ಸಿನಲ್ಲಿ ಬೇರೂರಿ, ಒಳ್ಳೆಯ ಕೆಲಸವನ್ನು ಹಿಂಜರಿಕೆಯಿಲ್ಲದೆ ತಾನಾಗಿ ಮಾಡಿಸುವ ಸ್ಥಿತಿಯೇ ಸದ್ಗುಣ. ಯಾವಾಗಲೋ ಒಮ್ಮೆ ಕೈ ಎತ್ತಿ ಕೊಟ್ಟವನು ಉದಾರಿಯೆನಿಸುವುದಿಲ್ಲ. ಹಾಗೆಂದು ಜಿಪುಣನಿಗೆ ದಾರಿ ಮುಚ್ಚಿಲ್ಲ. ಅಕ್ಷರ ದುಂಡಗಾಗಬೇಕೆನ್ನುವವನು ಮೊದಲು ನುರಿತವರ ಬರಹವನ್ನು ಪ್ರಯಾಸದಿಂದ ತಿದ್ದುವಂತೆ, ಅವನೂ ಮನಸ್ಸಿಲ್ಲದ ಮನಸ್ಸಿನಿಂದ ಕೊಡುತ್ತ ಹೋದರೆ ಕೊಡುವುದು ಸ್ವಭಾವವಾಗುತ್ತದೆ.

ಅಭ್ಯಾಸಕ್ಕೆ ಅವಕಾಶ ಬೇಕು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ಮಳೆಗಾಲದಲ್ಲಿ ಖಲಾಸಿಗಳ ಎಷ್ಟೋ ಮನೆಗಳಿಗೆ ಅಕ್ಕಿ, ಬೇಳೆ ಬರುವುದು ಅಂಗಡಿಯ ಉದ್ರಿ ಪುಸ್ತಕದ ಮೇಲೆ. ಕುರ್‌ಆನಿನ ಎರಡನೆಯ ಅಧ್ಯಾಯದ 282ನೆಯ ವಚನ, ಇಡೀ ಗ್ರಂಥದಲ್ಲೇ ಅತಿ ದೀರ್ಘವಾದದ್ದು, ಸಾಲವನ್ನು ಸಾಕ್ಷಿಸಹಿತ ಬರೆದಿಡಲು ಹೇಳುತ್ತದೆ; ಅದಕ್ಕೂ ಮುಂಚಿನ 280ನೆಯದು, ಸಾಲಗಾರ ಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಕಾಯಿರಿ, ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದು ಎನ್ನುತ್ತದೆ. ಲೆಕ್ಕವೂ ಇರಲಿ, ಕರುಣೆಯೂ ಇರಲಿ. ಘಜಾಲಿಯವರು ನೆನೆಯುವ ಹಿಂದಿನ ಕಾಲದ ಸಜ್ಜನ ವ್ಯಾಪಾರಿಗಳಲ್ಲಿ ಕೆಲವರ ಬಳಿ ಎರಡು ಪುಸ್ತಕಗಳಿರುತ್ತಿದ್ದವಂತೆ. ಅವುಗಳಲ್ಲೊಂದು, ಕೊಡಲಾಗದಿದ್ದರೆ ಕೇಳುವುದೇ ಇಲ್ಲ ಎಂದು ಮೊದಲೇ ನಿಶ್ಚಯಿಸಿಕೊಂಡ ಬಡವರದು. ವ್ಯಾಪಾರನೀತಿಯ ಬಗ್ಗೆ ನಾನು ಓದಿದ್ದರಲ್ಲಿ ಇದಕ್ಕಿಂತ ಸೊಗಸಾದ ಏರ್ಪಾಡು ಕಂಡಿಲ್ಲ.

ದುಬೈಯಲ್ಲಿ ನನ್ನ ಖರೀದಿಯೆಲ್ಲ ಕಾರ್ಡಿನಲ್ಲೇ ನಡೆಯುತ್ತದೆ. ಕಂತು ತಡವಾದರೆ ದಂಡ ತಾನಾಗಿ ಬೀಳುತ್ತದೆ. ನನ್ನ ಕಷ್ಟ ಕೇಳಬಲ್ಲ ಮನುಷ್ಯ ನಡುವೆ ಎಲ್ಲಿಯೂ ಇಲ್ಲ, ಆದ್ದರಿಂದ ಕಾಯುವ ಗುಣ ಬೆಳೆಸಿಕೊಳ್ಳುವ ಅವಕಾಶವೂ ಯಾರಿಗೂ ಇಲ್ಲ. (ಕೂಲಿಕಾರರ ಬಡಾವಣೆಗಳ ಸಣ್ಣ ಕಿರಾಣಿ ಅಂಗಡಿಗಳಲ್ಲಿ ಉದ್ರಿ ಇನ್ನೂ ನಡೆಯುತ್ತದೆ, ಅದನ್ನು ಮರೆಯಬಾರದು.)

ಊರಿನ ಪದ್ಧತಿಯನ್ನು ಹಾಡಿ ಹೊಗಳುವುದೂ ನನಗೆ ಬೇಕಿಲ್ಲ. ಉದ್ರಿಯ ಗಿರಾಕಿಗೆ ಹೆಚ್ಚು ಬೆಲೆ ಹಚ್ಚುವುದು, ನಾಲ್ಕು ಜನರೆದುರು ಬಾಕಿ ಕೇಳುವುದು ಅಲ್ಲಿಯೂ ಉಂಟು. ಈಗಂತೂ ಗಲ್ಲೆಯ ಮೇಲೆ ಕ್ಯೂಆರ್ ಫಲಕ ಬಂದಿದೆ, ಹೊಸ ತಲೆಮಾರಿನ ಮಾಲೀಕರು ಉದ್ರಿ ನಿಲ್ಲಿಸುತ್ತಿದ್ದಾರೆ. ಆ ಜಾಗಕ್ಕೆ ಮೈಕ್ರೋಫೈನಾನ್ಸಿನ ವಾರದ ಕಂತು ಬಂದು ಕುಳಿತಿದ್ದು, ಮೀನುಗಾರಿಕೆಯ ರಜೆ ಅದಕ್ಕೆ ಲೆಕ್ಕಕ್ಕಿಲ್ಲ. ಬಲವಂತದ ವಸೂಲಿ ತಡೆಯಲು ಕರ್ನಾಟಕ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು.