ಚಿರಂಜೀವಿಗಳ ಪಟ್ಟಿಗೆ ಹತ್ತು ಸೇರ್ಪಡೆ

ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ ಎಂದು ಏಳೇ ಮಂದಿಗೆ ನಿಂತುಹೋಗಿದ್ದ ಚಿರಂಜೀವಿಗಳ ಪಟ್ಟಿಗೆ 2013ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದಿಂದ ಒಮ್ಮೆಲೇ ಹತ್ತು ಮಂದಿ ಸೇರಿಕೊಂಡರು. ಪುರಾಣದವರಿಗೆ ವರವೋ ಶಾಪವೋ ಬೇಕಾಗಿತ್ತು. ಇವರಿಗೆ ಸೊಪ್ಪು, ಕಾಳು, ಹಣ್ಣು, ವಾರದಲ್ಲಿ ಆರು ದಿನ ಅರ್ಧ ಗಂಟೆಯ ನಡಿಗೆ, ಒಂದಿಷ್ಟು ಯೋಗ, ಧ್ಯಾನ ಮತ್ತು ಮನಸ್ಸು ಬಿಚ್ಚಿ ಮಾತನಾಡಲು ಒಂದು ಬಳಗ ಸಾಕಾಯಿತು. ಡಾ. ಡೀನ್ ಆರ್ನಿಶ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಗಡಿಗರು ‘ಲ್ಯಾನ್ಸೆಟ್ ಆಂಕಾಲಜಿ’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಆ ಪ್ರಬಂಧದ ಲೇಖಕರಲ್ಲಿ 2009ರ ನೊಬೆಲ್ ಪುರಸ್ಕೃತೆ ಎಲಿಜಬೆತ್ ಬ್ಲ್ಯಾಕ್‌ಬರ್ನ್ ಕೂಡ ಇದ್ದುದರಿಂದ, ಮುಪ್ಪನ್ನು ಹಿಮ್ಮೆಟ್ಟಿಸುವ ದಾರಿ ಸಿಕ್ಕಿತೆಂದು ಸಾರಲು ಸುದ್ದಿಮನೆಗಳಿಗೆ ಬೇರೆ ಸಾಕ್ಷಿಯೇ ಬೇಕಾಗಲಿಲ್ಲ.

ಉದ್ದವಾದದ್ದು ಆಯುಷ್ಯವಲ್ಲ, ಟೆಲೊಮಿಯರ್ ಎಂಬುದನ್ನು ಮಾತ್ರ ಸಾವಧಾನವಾಗಿ ಓದಬೇಕು. ವರ್ಣತಂತುಗಳ ತುದಿಯಲ್ಲಿದ್ದು, ಜೀವಕೋಶ ಒಡೆದು ಎರಡಾದಾಗಲೆಲ್ಲ ತುಸು ತುಸುವೇ ಮೋಟಾಗುತ್ತ ಹೋಗುವ ಡಿಎನ್‌ಎ ಭಾಗವಿದು. (ಪತ್ರಿಕೆಗಳಿಗೆ ಇದನ್ನು ಶೂ ದಾರದ ತುದಿಗೆ ಹೋಲಿಸದೆ ಬರೆಯಲು ಬಾರದು, ನಾವು ಆ ಕಷ್ಟಕ್ಕೆ ಹೋಗುವುದು ಬೇಡ.) ಐದು ವರ್ಷಗಳ ಬಳಿಕ ರಕ್ತದ ಕಣಗಳಲ್ಲಿ ಅಳೆದು ನೋಡಿದಾಗ ಹತ್ತು ಮಂದಿಯ ಟೆಲೊಮಿಯರ್ ಉದ್ದದಲ್ಲಾದ ಬದಲಾವಣೆಯ ಮಧ್ಯಾಂಕ (ಎಲ್ಲರ ಅಂಕಿಗಳನ್ನು ಸಾಲಾಗಿ ಜೋಡಿಸಿದರೆ ನಡುವೆ ಬರುವುದು), ಸಾಪೇಕ್ಷ ಅಳತೆಯಲ್ಲಿ, 0.06ರಷ್ಟು ಏರಿಕೆ, ಈ ಕಟ್ಟಳೆಗಳಿಗೆ ಒಳಪಡದ 25 ಮಂದಿಯಲ್ಲಿ 0.03ರಷ್ಟು ಇಳಿಕೆ. ಎರಡೂ ಗುಂಪಿನವರು ಪ್ರಾಸ್ಟೇಟ್ ಕ್ಯಾನ್ಸರ್‌ನ ಆರಂಭದ ಹಂತದಲ್ಲಿದ್ದು ವೈದ್ಯರ ನಿಗಾದಲ್ಲಿದ್ದವರು. ಅವರಲ್ಲಿ ಯಾರು ಹೆಚ್ಚು ಕಾಲ ಬದುಕಿದರು ಎಂಬುದು ಅಧ್ಯಯನದ ಪ್ರಶ್ನೆಯೇ ಆಗಿರಲಿಲ್ಲ.

ಇನ್ನು ಆ ಹತ್ತು ಮಂದಿಯನ್ನು ಚೀಟಿ ಎತ್ತಿ ಆರಿಸಿದ್ದೂ ಅಲ್ಲ. ಐದು ವರ್ಷ ಬೆಣ್ಣೆ, ಮಾಂಸಗಳ ಕಡೆ ತಿರುಗಿ ನೋಡದೆ ಇರುತ್ತೇನೆಂದು ಒಪ್ಪಿಕೊಳ್ಳುವ ಮನುಷ್ಯ, ಹಾಗೆ ಒಪ್ಪಿಕೊಳ್ಳಬೇಕಾಗಿಲ್ಲದ ಮನುಷ್ಯನಿಗಿಂತ ಮೊದಲೇ ನೂರು ವಿಧದಲ್ಲಿ ಬೇರೆಯಾಗಿರಬಹುದು. ಅವನ ಸಂಬಳ, ನಿದ್ರೆ, ಮನೆಯಲ್ಲಿ ಅಡುಗೆ ಮಾಡುವವರ ತಾಳ್ಮೆ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಹೋಗಲಿ, ಹತ್ತು ಮಂದಿಗಾದರೂ ವರ ಸಮನಾಗಿ ಸಿಕ್ಕಿತೇ ಎಂದರೆ, ಅವರ ಏರಿಳಿತಗಳ ಕೆಳಗಿನ ಕಾಲುಭಾಗದ ಗಡಿ ಸೊನ್ನೆಗಿಂತ ಕೆಳಗೆ, –0.05ರಲ್ಲಿದೆ. ಅಂದರೆ ಅದೇ ಸೊಪ್ಪು ತಿಂದು, ಅದೇ ನಡಿಗೆ ನಡೆದ ಎರಡು ಮೂರು ಮಂದಿಯ ಟೆಲೊಮಿಯರ್ ಯಾರ ಉಪದೇಶಕ್ಕೂ ಕಿವಿಗೊಡದೆ ಮೋಟಾಗಿಯೇ ಹೋಗಿತ್ತು. ಇವರನ್ನು ಚಿರಂಜೀವಿಗಳ ಪಟ್ಟಿಯಲ್ಲಿ ಉಳಿಸಿಕೊಳ್ಳಬೇಕೋ ಬಿಡಬೇಕೋ ಎಂಬುದನ್ನು ಶೀರ್ಷಿಕೆ ಬರೆದವರೇ ತೀರ್ಮಾನಿಸಬೇಕು.

ಇದಕ್ಕೂ ಮೊದಲು, 2008ರಲ್ಲಿ, ಇದೇ ತಂಡವು ಮೂರು ತಿಂಗಳ ಪಥ್ಯದ ನಂತರ ಟೆಲೊಮಿಯರ್ ಕಾಯುವ ಟೆಲೊಮರೇಸ್ ಕಿಣ್ವದ ಚಟುವಟಿಕೆ ಹೆಚ್ಚಿತೆಂದು ಬರೆದಿತ್ತು. ಆಗ ಹೋಲಿಸಿ ನೋಡಲು ಇನ್ನೊಂದು ಗುಂಪೇ ಇರಲಿಲ್ಲ. 2013ರ ಹೊತ್ತಿಗೆ ಆ ಕಿಣ್ವ ಎರಡೂ ಗುಂಪುಗಳಲ್ಲಿ ಇಳಿದಿತ್ತು, ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೂ ಇರಲಿಲ್ಲ. ಐದು ವರ್ಷದ ಹಿಂದಿನ ನಾಯಕ ಸದ್ದಿಲ್ಲದೆ ನೇಪಥ್ಯಕ್ಕೆ ಸರಿದ, ಅವನ ಜಾಗಕ್ಕೆ ಟೆಲೊಮಿಯರ್ ಬಂದು ನಿಂತಿತು. ಹುಟ್ಟಿನಿಂದಲೇ ಉದ್ದ ಟೆಲೊಮಿಯರ್ ಪಡೆದವರಿಗೆ ಹೃದ್ರೋಗದ ಅಪಾಯ ಕಡಿಮೆಯಾದರೂ ಕೆಲವು ಕ್ಯಾನ್ಸರ್‌ಗಳ ಅಪಾಯ ಹೆಚ್ಚೆಂದು ಮುಂದೆ 2017ರಲ್ಲಿ ದೊಡ್ಡ ಆನುವಂಶಿಕ ವಿಶ್ಲೇಷಣೆಯೊಂದು ತೋರಿಸಿತು. ಕ್ಯಾನ್ಸರ್ ರೋಗಿಗಳಿಗೆ ಉದ್ದ ಟೆಲೊಮಿಯರ್ ಕೊಟ್ಟು ಹರಸುವವರು ಅದನ್ನೂ ಒಮ್ಮೆ ಓದಿದರೆ ನಷ್ಟವಿಲ್ಲ.

ಆಹಾರ, ವ್ಯಾಯಾಮ, ಧ್ಯಾನ, ಬಳಗ ನಾಲ್ಕನ್ನೂ ಒಟ್ಟಿಗೇ ಕೊಟ್ಟಾಗ ಫಲ ಯಾವುದರಿಂದ ಬಂತೆಂದು ಹೇಳುವುದು, ಹುಳಿ ಉಂಡು ಎದ್ದವನು ಇಂಗಿನಿಂದಲೇ ಹಸಿವು ತೀರಿತೆಂದು ಪ್ರಮಾಣ ಮಾಡಿದಂತೆ. ಆದರೆ ಈ ಗೊಂದಲದಿಂದ ಲೋಕಕ್ಕೆ ಉಪಕಾರವೇ ಆಗಿದೆ: ಸಿರಿಧಾನ್ಯ ಮಾರುವವನು ಆಹಾರದಿಂದ ಎನ್ನುತ್ತಾನೆ, ಜಿಮ್‌ನವನು ನಡಿಗೆಯಿಂದ ಎನ್ನುತ್ತಾನೆ, ಶಿಬಿರದ ಗುರುಗಳು ಧ್ಯಾನದಿಂದ ಎನ್ನುತ್ತಾರೆ, ಮತ್ತು ಎಲ್ಲರೂ ಅದೇ ಹತ್ತು ಮಂದಿಯನ್ನು ಸಾಕ್ಷಿಗೆ ಕರೆಯಬಹುದು. ಚೀಟಿ ಎತ್ತಿದಂತೆ ಗುಂಪು ಮಾಡುವ ದೊಡ್ಡ ಯಾದೃಚ್ಛಿಕ ಪ್ರಯೋಗಗಳಿಂದ ಇದು ದೃಢಪಡಬೇಕೆಂದು ಲೇಖಕರೇ ಪ್ರಬಂಧದಲ್ಲಿ ಬರೆದಿದ್ದರು. ವಾಟ್ಸ್‌ಆ್ಯಪ್‌ನಲ್ಲಿ ಸಂದೇಶ ಮುಂದಕ್ಕೆ ಕಳಿಸುವಾಗ ಮೊದಲು ಉದುರುವುದು ಆ ವಾಕ್ಯ.

ಬಳಗದ ಮಹಿಮೆಯ ಚರಿತ್ರೆ ಇದಕ್ಕಿಂತ ಹಳೆಯದು. 1989ರಲ್ಲಿ ಸ್ಟ್ಯಾನ್‌ಫರ್ಡ್‌ನ ಡೇವಿಡ್ ಸ್ಪೀಗಲ್ ಮತ್ತು ಸಂಗಡಿಗರು, ಹರಡಿದ ಸ್ತನ ಕ್ಯಾನ್ಸರ್ ಇದ್ದ 86 ಮಹಿಳೆಯರಲ್ಲಿ, ವಾರವಾರ ಗುಂಪಿನಲ್ಲಿ ಕುಳಿತು ಮಾತನಾಡಿದವರು ಸರಾಸರಿ 36.6 ತಿಂಗಳು, ಉಳಿದವರು 18.9 ತಿಂಗಳು ಬದುಕಿದರೆಂದು ‘ಲ್ಯಾನ್ಸೆಟ್’ನಲ್ಲಿ ಬರೆದರು. ಅಲ್ಲಿಂದ ಮುಂದೆ ಆಸ್ಪತ್ರೆಗೆ ಹಣ್ಣು ಹಿಡಿದು ಬಂದ ನೆಂಟರಿಷ್ಟರೆಲ್ಲ ಧೈರ್ಯವಾಗಿದ್ದರೆ ಕ್ಯಾನ್ಸರ್ ಓಡಿಹೋಗುತ್ತದೆಂದು ಹೇಳಲು ವಿಜ್ಞಾನದ ಪರವಾನಗಿ ದೊರೆಯಿತು. ಓಡದಿದ್ದರೆ ತಪ್ಪು ರೋಗಿಯದೇ, ಸಾಲುವಷ್ಟು ಧೈರ್ಯ ತಂದುಕೊಳ್ಳಲಿಲ್ಲ. 2001ರಲ್ಲಿ ಕೆನಡಾದ ತಂಡವೊಂದು 235 ಮಹಿಳೆಯರಲ್ಲಿ ಅದೇ ಪ್ರಯೋಗ ಮಾಡಿ, ತೀವ್ರ ಸಂಕಟದಲ್ಲಿದ್ದವರ ನೋವು, ದುಗುಡ ತಗ್ಗಿದವು, ಆಯುಷ್ಯ ಮಾತ್ರ ಹೆಚ್ಚಲಿಲ್ಲ ಎಂದಿತು. ಸಾಯುವವರ ಸಂಕಟ ತಗ್ಗುವುದು ಸಣ್ಣ ಫಲವಲ್ಲ. ಆದರೆ ಅದಕ್ಕೆ ಶೀರ್ಷಿಕೆಯಾಗುವ ಯೋಗವಿಲ್ಲ. 2007ರಲ್ಲಿ ಸ್ಪೀಗಲ್ ಅವರೇ 125 ಮಹಿಳೆಯರ ಎರಡನೆಯ ಪ್ರಯೋಗದ ಫಲವನ್ನು ಪ್ರಾಮಾಣಿಕವಾಗಿ ಪ್ರಕಟಿಸಿದರು: ಗುಂಪಿನಲ್ಲಿದ್ದವರು ಬದುಕಿದ ಅವಧಿಯ ಮಧ್ಯಾಂಕ 30.7 ತಿಂಗಳು, ಇಲ್ಲದವರದು 33.3 ತಿಂಗಳು. ‘ಗೆಳೆಯರನ್ನು ಬಿಡಿ, ಎರಡೂವರೆ ತಿಂಗಳು ಹೆಚ್ಚು ಬದುಕಿ’ ಎಂಬ ಶೀರ್ಷಿಕೆ ಮಾತ್ರ ಎಲ್ಲಿಯೂ ಕಾಣಿಸಲಿಲ್ಲ. ಅಷ್ಟು ಮಂದಿಯಲ್ಲಿ ಅಷ್ಟು ಸಣ್ಣ ವ್ಯತ್ಯಾಸ ಬರೀ ಆಕಸ್ಮಿಕವಾಗಿರಬಹುದು ಎಂಬ ಸಂಖ್ಯಾಶಾಸ್ತ್ರ ಆ ಒಂದು ದಿನ ಎಲ್ಲ ಸುದ್ದಿಮನೆಗಳಿಗೂ ತಾನಾಗಿ ಹೊಳೆದಿತ್ತು.